ಟ್ಯೂಬ್ ಆಂಪ್ ಇದ್ದಮೇಲೂ ಓವರ್‌ಡ್ರೈವ್ ಪೆಡಲ್ ಬೇಕಾ?

ಗಿಟಾರ್ ಸದ್ದನ್ನು ಗಾಜಿನ ಟ್ಯೂಬ್‌ಗಳಿಂದ (ವಾಲ್ವ್ ಅಂತಲೂ ಅನ್ನುತ್ತಾರೆ) ದೊಡ್ಡದು ಮಾಡುವ ಪೆಟ್ಟಿಗೆ ಟ್ಯೂಬ್ ಆಂಪ್. ಜೋರಾಗಿಟ್ಟರೆ ಅದರ ಸದ್ದು ಒಡೆದು ಗುರುಗುಟ್ಟುತ್ತದೆ, ಗಿಟಾರಿಗರಿಗೆ ಬೇಕಾದದ್ದೇ ಆ ಒಡಕು. ಅದನ್ನು ಕಾಲಲ್ಲಿ ಒತ್ತಿ ತರುವ ಪುಟ್ಟ ಡಬ್ಬಿ ಓವರ್‌ಡ್ರೈವ್ ಪೆಡಲ್.

ಪರ: ವಾಲ್ಯೂಮ್ ಏರಿಸೋಕೆ ಬಿಡೋರು ಯಾರು?

"ಟ್ಯೂಬ್ ಆಂಪ್‌ಗೆ ಪೆಡಲ್ ಯಾಕ್ರೀ, ವಾಲ್ಯೂಮ್ ಏರಿಸಿದ್ರೆ ಸೌಂಡ್ ತಾನಾಗೇ ಒಡೆಯುತ್ತಲ್ಲ" ಅನ್ನುವವರಿಗೆ ನನ್ನದು ಒಂದೇ ಪ್ರಶ್ನೆ. ಎಲ್ಲಿ ಏರಿಸ್ತೀರಿ ಸ್ವಾಮಿ? ಬಸವೇಶ್ವರನಗರದ ಎರಡನೇ ಮಹಡಿಯಲ್ಲಾ? 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ಹದಿನೈದು ವಾಟ್‌ನ ಪುಟ್ಟ ಆಂಪ್ ಕೂಡ ಪವರ್ ಟ್ಯೂಬ್‌ನ (ಸ್ಪೀಕರ್ ನಡೆಸುವ ಕೊನೆಯ ಟ್ಯೂಬ್) ಸದ್ದು ಒಡೆಯುವ ಮಟ್ಟಕ್ಕೆ ಬರುವಷ್ಟರಲ್ಲಿ ಡ್ರಮ್ಸ್ ಜೊತೆ ಜಗಳಕ್ಕೆ ನಿಂತಿರುತ್ತದೆ. "ಇನ್ನೂ ಸಣ್ಣದು ತಗೊಳ್ಳಿ" ಅಂತಾರೆ. 30 ವಾಟ್‌ನಿಂದ 15ಕ್ಕೆ ಇಳಿದರೆ ಕಮ್ಮಿಯಾಗುವುದು ಬರೀ 3 ಡೆಸಿಬಲ್. ಸದ್ದು ಅರ್ಧವಾಯಿತು ಅಂತ ಕಿವಿಗೆ ಅನ್ನಿಸಬೇಕಾದರೆ ವಾಟ್ ಹತ್ತರಲ್ಲೊಂದು ಪಾಲಿಗೆ ಇಳಿಯಬೇಕು.

ಮನೆ ಬಿಡಿ, ಪಬ್‌ನಲ್ಲಾದರೂ ಬಿಡುತ್ತಾರಾ? ಕೋರಮಂಗಲದ ಒಂದು ಕಡೆ ನಮ್ಮ ಬ್ಯಾಂಡ್ ಸೌಂಡ್‌ಚೆಕ್ ಮಾಡುತ್ತಿತ್ತು. ಆಂಪ್ ವಾಲ್ಯೂಮ್ ಮೂರರ ಹತ್ತಿರ ಇತ್ತು, ಇನ್ನೂ ಶುದ್ಧ ಕ್ಲೀನ್, ಒಂಚೂರೂ ಒಡಕಿಲ್ಲ. ಅಷ್ಟಕ್ಕೇ ಎದುರಿನ ಟೇಬಲ್‌ನ ಹೆಂಗಸು ಟಿಶ್ಯೂ ಹರಿದು ಉಂಡೆ ಮಾಡಿ ಕಿವಿಗೆ ಇಟ್ಟುಕೊಂಡರು. ಸೌಂಡ್ ಹುಡುಗ ಓಡಿಬಂದು "ಅಣ್ಣಾ, ಸ್ವಲ್ಪ ಕಮ್ಮಿ ಮಾಡ್ಕೊಳಿ, ಮ್ಯಾನೇಜರ್ ನೋಡ್ತಾವ್ರೆ" ಅಂದ. ಎರಡಕ್ಕೆ ಇಳಿಸಿ ಪೆಡಲ್ ಒತ್ತಿದೆ. ಸೋಲೋ ಬಂದಾಗ ಅದೇ ಹುಡುಗ ಮಿಕ್ಸರ್ ಹಿಂದಿನಿಂದ ಹೆಬ್ಬೆರಳು ಎತ್ತಿದ.

ಪೆಡಲ್ ಅಂದರೆ ಟ್ಯೂಬ್‌ನ ಅಗ್ಗದ ನಕಲು ಅನ್ನೋದು ತಪ್ಪು ತಿಳಿವಳಿಕೆ. ತಿಳಿದವರು ಪೆಡಲ್‌ನ ಡ್ರೈವ್ ನಾಬ್ (ಒಡಕಿನ ಪ್ರಮಾಣ) ಹೆಚ್ಚು ಕಡಿಮೆ ಪೂರ್ತಿ ಇಳಿಸಿ ಲೆವೆಲ್ (ಹೊರಬರುವ ಸದ್ದು) ಏರಿಸುತ್ತಾರೆ. ಆಗ ಪೆಡಲ್ ತಾನು ಒಡೆಯುವುದಕ್ಕಿಂತ ಹೆಚ್ಚಾಗಿ ಸಿಗ್ನಲ್ ಎತ್ತಿ ಆಂಪ್‌ನ ಮೊದಲ ಟ್ಯೂಬ್‌ಗೆ ಬಡಿಯುತ್ತದೆ. ಒಡೆಯುವ ಕೆಲಸ ಬಹುಪಾಲು ಟ್ಯೂಬ್‌ದೇ, ಅದೂ ಆಂಪ್‌ನ ಮಾಸ್ಟರ್ ವಾಲ್ಯೂಮ್ (ಒಟ್ಟು ಸದ್ದಿನ ನಾಬ್) ಕಮ್ಮಿ ಇದ್ದಾಗಲೇ.

ಇನ್ನೊಂದು ಲಾಭವನ್ನು ಮನೆಯಲ್ಲಿ ಒಬ್ಬರೇ ನುಡಿಸುವವರು ಗಮನಿಸುವುದಿಲ್ಲ. ಐಬನೇಜ್ ಕಂಪನಿ 1970ರ ದಶಕದ ಕೊನೆಗೆ ತಂದ ಟ್ಯೂಬ್ ಸ್ಕ್ರೀಮರ್ ಎಂಬ ಹಸಿರು ಓವರ್‌ಡ್ರೈವ್ ಪೆಡಲ್ ಬೇಸ್ ಕತ್ತರಿಸುತ್ತದೆ, ಸುಮಾರು 700 ಹರ್ಟ್ಜ್ ಸುತ್ತ ಮಿಡ್ (ನಡುವಿನ ಸ್ವರಗಳು) ಉಬ್ಬಿಸುತ್ತದೆ. ಒಬ್ಬರೇ ಕೂತು ಕೇಳಿದರೆ ಮೂಗಿನಲ್ಲಿ ಹಾಡಿದ ಹಾಗಿರುತ್ತದೆ, ಒಪ್ಪಿಕೊಂಡೆ. ಆದರೆ ಬೇಸ್ ಗಿಟಾರ್, ಕಿಕ್ ಡ್ರಮ್ ಸೇರಿದ ಮೇಲೆ ಸೋಲೋ ಕೇಳಿಸುವುದೇ ಆ ಉಬ್ಬಿನಿಂದ. 60ರ ದಶಕದ ಫೆಂಡರ್ ಆಂಪ್‌ಗಳಲ್ಲಿ ಮಿಡ್ ತಗ್ಗು, ಈ ಉಬ್ಬು ಆ ತಗ್ಗಿಗೆ ಸರಿಯಾಗಿ ಕೂರುತ್ತದೆ. ನಮ್ಮೂರಿನ ಮೆಟಲ್ ಹುಡುಗರನ್ನೇ ಕೇಳಿ. ಆಂಪ್‌ನಲ್ಲಿ ಬೇಕಾದಷ್ಟು ಗೇನ್ (ಸದ್ದು ಒಡೆಸುವ ತಾಕತ್ತು) ಇದ್ದರೂ ಮುಂದೆ ಒಂದು ಸ್ಕ್ರೀಮರ್ ಇಟ್ಟಿರುತ್ತಾರೆ. ಕೆಳಗಿನ ತಂತಿಗಳು ಗಿಜಿಗುಟ್ಟದೆ ಬಿಗಿಯಾಗಿ ಬರಲಿ ಅಂತ.

ಅಮೆರಿಕದ ಬ್ಲೂಸ್ ಗಿಟಾರಿಗ ಸ್ಟೀವಿ ರೇ ವಾನ್ ಆಂಪ್‌ಗಳನ್ನು ಜೋರಾಗಿಯೇ ಇಡುತ್ತಿದ್ದವರು. ಅವರ ಕಾಲಡಿಯಲ್ಲೂ ಟ್ಯೂಬ್ ಸ್ಕ್ರೀಮರ್ ಇತ್ತು. ಕ್ವೀನ್ ಬ್ಯಾಂಡ್‌ನ ಬ್ರಯಾನ್ ಮೇ ವಾಕ್ಸ್ ಎಸಿ30 ಎಂಬ ಟ್ಯೂಬ್ ಆಂಪ್ ಮುಂದೆ ಟ್ರೆಬಲ್ ಬೂಸ್ಟರ್ (ಮೇಲಿನ ಸ್ವರ ಎತ್ತುವ ಡಬ್ಬಿ) ಇಟ್ಟರು. ವಾಲ್ಯೂಮ್ ಒಂದೇ ಸಾಕಾಗಿದ್ದರೆ ಇವರಿಗೇನು ತಲೆ ಕೆಟ್ಟಿತ್ತೇ?

ಗಿಟಾರ್‌ನ ವಾಲ್ಯೂಮ್ ನಾಬ್ ಇಳಿಸಿದರೆ ಕ್ಲೀನ್, ಏರಿಸಿದರೆ ಡ್ರೈವ್, ಅದರ ಮಜಾನೇ ಬೇರೆ ಅಂತಲೂ ಹೇಳುತ್ತಾರೆ. ಇರಬಹುದು. ಹಾಡು ಹೇಳುತ್ತಾ ಕಾರ್ಡ್ ಬದಲಿಸುತ್ತಾ ನಾಬ್ ತಿರುಗಿಸಲು ಮೂರನೇ ಕೈ ಇರುವವರು ಹಾಗೇ ಮಾಡಲಿ. ನನಗಿರುವುದು ಎರಡೇ ಕೈ, ಕಾಲು ಮಾತ್ರ ಖಾಲಿ.

ವಿರೋಧ: ವಾಲ್ವ್‌ಗೆ ಕೊಟ್ಟ ದುಡ್ಡು

ವಿರೋಧ ಬರೆಯಲು ಬೇರೆ ಯಾರೂ ಒಪ್ಪಲಿಲ್ಲವಂತೆ, ನನ್ನ ತಲೆಗೆ ಬಂತು. ನನ್ನ ಪೆಡಲ್‌ಬೋರ್ಡ್ ಮೇಲೂ ಒಂದು ಹಸಿರು ಡಬ್ಬಿ ಇದೆ, ಆ ವಿಷಯ ಈಗ ಬೇಡ.

ಟ್ಯೂಬ್ ಆಂಪ್‌ನೊಳಗೆ ಟ್ಯೂಬ್‌ಗಳು ನಡೆಯುವುದು ನೂರಾರು ವೋಲ್ಟ್‌ನಲ್ಲಿ. ಮುಂದೆ ಇಡುವ ಪೆಡಲ್ ನಡೆಯುವುದು 9 ವೋಲ್ಟ್‌ನಲ್ಲಿ, ಅದರೊಳಗೆ ಒಂದು ಐಸಿ (ಚಿಪ್), ಒಂದೆರಡು ಡಯೋಡ್. ಬೆರಳು ಮೆತ್ತಗೆ ಮೀಟಿದರೆ ಮೆತ್ತಗೆ, ಬಿಗಿಯಾಗಿ ಮೀಟಿದರೆ ಗುರ್ರೆನ್ನುವ ಆಂಪ್ ಮುಂದೆ ಇದನ್ನಿಟ್ಟರೆ ಎರಡೂ ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತವೆ. ಪೆಡಲ್ ಭಕ್ತರಿಗೆ ಅದು ಕೇಳಿಸುವುದಿಲ್ಲ, ಅವರ ಗಮನ ಮುಂದಿನ ಪೆಡಲ್ ಮೇಲಿರುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಆಮೇಲೆ ಅದಕ್ಕೊಂದು ಬೋರ್ಡ್, ಪವರ್ ಸಪ್ಲೈ, ಹೊತ್ತೊಯ್ಯಲು ಆಟೊ.

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ಅಂಕಲ್ ಇದ್ದಾರೆ, ಜಾಲಹಳ್ಳಿ ಬಿಇಎಲ್‌ನಿಂದ ನಿವೃತ್ತರು. ಒಂದು ಕಾಲಕ್ಕೆ ದೇಶದ ರೇಡಿಯೊಗಳಿಗೆ ವಾಲ್ವ್ ತಯಾರಾಗುತ್ತಿದ್ದ ಫ್ಯಾಕ್ಟರಿ ಅದು, ಇವರು ಅದೇ ವಿಭಾಗದಲ್ಲಿದ್ದವರು. ಒಂದು ದಿನ ನನ್ನ ಆಂಪ್ ಹಿಂಬದಿ ಬಗ್ಗಿ, ಕನ್ನಡಕ ಹಣೆಗೇರಿಸಿ, ವಾಲ್ವ್ ಮೇಲಿನ ತಗಡಿನ ಟೋಪಿ ತಿರುಗಿಸಿ ತೆಗೆದು ನೋಡಿದರು. "12ಎಎಕ್ಸ್7 ಅಂತ ಬರ್ದವ್ರೆ. ನಮ್ಮ ಇಸಿಸಿ83 ಕಣೋ ಇದು!" ಮೊಮ್ಮಗನ ಪೆನ್ಸಿಲ್ ತರಿಸಿ, ಆಂಪ್ ಆನ್ ಇದ್ದಹಾಗೇ, ಪೆನ್ಸಿಲ್‌ನ ರಬ್ಬರ್ ಕಡೆಯಿಂದ ಒಂದೊಂದೇ ವಾಲ್ವ್‌ಗೆ ಮೆಲ್ಲಗೆ ತಟ್ಟಿದರು. ಎರಡು ಸುಮ್ಮನಿದ್ದವು. ಮೂರನೆಯದು ಸ್ಪೀಕರ್‌ನಲ್ಲಿ ಟಿಂಗ್ ಅಂತು. "ಮೈಕ್ರೊಫೋನಿಕ್ ಆಗಿದೆ, ತಟ್ಟಿದ್ದನ್ನೂ ಸದ್ದು ಮಾಡ್ತಿದೆ, ಬದಲಾಯಿಸು. ನೀನು ಹೇಳ್ತಿದ್ದ ಆ ಕುಯ್ ಅನ್ನೋ ಸದ್ದು ಇದರದ್ದೇ ಇರ್ಬೇಕು." ಹೊಸದು ಹಾಕಿದ ಮೇಲೆ ಅವರೇ ವಾಲ್ಯೂಮ್ ತಿರುಗಿಸಿ "ಬಾರಿಸು" ಅಂದರು. ಬಾರಿಸಿದೆ. ಕಿಟಕಿ ಗಾಜು ಗಡಗಡ ಅಂದಿತು. ಅಂಕಲ್ ತಲೆದೂಗುತ್ತಾ ನಿಂತಿದ್ದರು, ಅವರ ಹೆಂಡತಿ ಫೋನ್ ಮಾಡಿ ಕರೆಸಿಕೊಳ್ಳುವವರೆಗೂ.

ಹೋಗುವಾಗ ನೆಲದ ಮೇಲಿದ್ದ ಡಬ್ಬಿ ಕಂಡಿತು. "ಇದೇನು?" ಹೇಳಿದೆ. "ಒಂದು ಐಸಿನಾ? ಮತ್ತೆ ಅಷ್ಟು ದುಡ್ಡು ಸುರಿದು ವಾಲ್ವ್ ಯಾಕೆ ತಗೊಂಡೆ?" ನನ್ನ ಬಳಿ ಉತ್ತರವಿರಲಿಲ್ಲ. ನನ್ನ ವಿರೋಧಕ್ಕೆ ಇದೇ ಆಧಾರ.

ಸದ್ದಿನ ತಕರಾರು ಇದೆಯಲ್ಲ ಅಂತೀರಿ. ಅದು ಮನೆ ಗೋಡೆಯ ಸಮಸ್ಯೆ, ಆಂಪ್‌ದಲ್ಲ. ಆಂಪ್‌ಗೂ ಸ್ಪೀಕರ್‌ಗೂ ಮಧ್ಯೆ ಕೂರುವ ಅಟೆನ್ಯುಯೇಟರ್ ಸಿಗುತ್ತದೆ, ಹೆಚ್ಚಿನ ಪವರ್ ಅನ್ನು ಶಾಖ ಮಾಡಿ ಸುಟ್ಟುಬಿಡುತ್ತದೆ. ಬೆಲೆ ಮಾತ್ರ ಕೇಳಬೇಡಿ.

ಹಾಗಾದರೆ ನಿನ್ನ ಹಸಿರು ಡಬ್ಬಿ ಮಾರ್ತೀಯಾ ಅಂತ ಈಗಾಗಲೇ ಒಬ್ಬ ಗೆಳೆಯ ಕೇಳಿದ್ದಾನೆ. ಶನಿವಾರ ಇಂದಿರಾನಗರದಲ್ಲಿ ಶೋ ಇದೆ, ಅದು ಮುಗಿಯಲಿ ಅಂದಿದ್ದೇನೆ.