ಪರ-ವಿರೋಧ: ಪೆಟ್ರೋಲ್, ಡೀಸೆಲ್ ಬಿಟ್ಟು ಬೇರೆ ಇಂಧನಕ್ಕೆ ಹೋಗುವುದು ಜಾಣತನವೇ?

ಪರ: ಮುಕ್ಕಾಲು ಪಾಲು ಗಾಳಿಗೆ ಹೋಗುವ ಎಂಜಿನ್ ಯಾಕೆ ಬೇಕು?

ಹೊಗೆಯ ಮಾತು ಆಮೇಲೆ. ಮೊದಲು ಪೋಲಾಗುವ ಲೆಕ್ಕ ನೋಡೋಣ.

ಕಾರಿನ ಟ್ಯಾಂಕಿಗೆ ಹಾಕಿದ ಪೆಟ್ರೋಲ್‌ನ ಶಕ್ತಿಯಲ್ಲಿ ಚಕ್ರ ತಿರುಗಿಸಲು ಬಳಕೆಯಾಗುವುದು ಶೇ 20ರಿಂದ 30 ಮಾತ್ರ. ಉಳಿದದ್ದು ಹೆಚ್ಚುಕಡಿಮೆ ಎಲ್ಲವೂ ಶಾಖ. ಎಂಜಿನ್ ಕಾಯುತ್ತದೆ, ಸೈಲೆನ್ಸರ್ ಕಾಯುತ್ತದೆ. ಆ ಕಾವನ್ನು ಹೊರಗೆ ಹಾಕಲು ರೇಡಿಯೇಟರ್, ಫ್ಯಾನ್, ಕೂಲೆಂಟ್ ಅಂತ ಇನ್ನೊಂದು ಸಂಸಾರವೇ ಬೇಕು. ದುಡ್ಡು ಕೊಟ್ಟು ಕೊಂಡ ಶಕ್ತಿಯನ್ನು ಗಾಳಿಗೆ ಬಿಡಲು ಮತ್ತೆ ದುಡ್ಡು ಕೊಟ್ಟು ಸಾಮಾನು ಜೋಡಿಸುತ್ತೇವೆ. ತೂತು ಕೊಡದಲ್ಲಿ ನೀರು ಹೊರುವವನಾದರೂ ಆ ತೂತಿಗೆ ದುಡ್ಡು ಕೊಟ್ಟಿರುವುದಿಲ್ಲ.

ಬ್ಯಾಟರಿ ಗಾಡಿಯಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ತುಂಬಿದ ಕರೆಂಟಿನಲ್ಲಿ ಶೇ 80ಕ್ಕೂ ಜಾಸ್ತಿ ಚಕ್ರಕ್ಕೆ ಸಿಗುತ್ತದೆ. ಇಳಿಜಾರಿನಲ್ಲಿ ಕಾಲು ತೆಗೆದರೆ ಮೋಟರೇ ಜನರೇಟರ್ ಆಗಿ ಒಂದಿಷ್ಟನ್ನು ವಾಪಸ್ ತುಂಬುತ್ತದೆ. ಪೆಟ್ರೋಲ್ ಗಾಡಿ ಎಷ್ಟು ಇಳಿಜಾರು ಇಳಿದರೂ ಟ್ಯಾಂಕ್‌ನಲ್ಲಿ ಒಂದು ಹನಿ ಹೆಚ್ಚಾಗುತ್ತದೆಯೇ?

ಇಷ್ಟು ಹೇಳುವಷ್ಟರಲ್ಲಿ ಯಾರಾದರೂ ಒಬ್ಬರು ಕೈ ಎತ್ತುತ್ತಾರೆ: ಆ ಕರೆಂಟೂ ಕಲ್ಲಿದ್ದಲು ಸುಟ್ಟೇ ಬರೋದಲ್ವಾ? ಈ ಜನಕ್ಕೆ ಫ್ರಿಜ್ ಓಡುವಾಗ ಕಲ್ಲಿದ್ದಲು ನೆನಪಾಗುವುದಿಲ್ಲ. ಮೊಬೈಲ್ ಚಾರ್ಜಿಗೆ ಹಾಕುವಾಗಲೂ ನೆನಪಾಗುವುದಿಲ್ಲ. ಪಕ್ಕದ ಮನೆಯವರು ಬ್ಯಾಟರಿ ಗಾಡಿ ತಂದ ದಿನ ಮಾತ್ರ ತಟ್ಟನೆ ನೆನಪಾಗುತ್ತದೆ. ಅವರಿಗೆ ಇದಕ್ಕಿಂತ ಜಾಸ್ತಿ ಉತ್ತರ ಕೊಡುವ ಮನಸ್ಸು ನನಗಿಲ್ಲ.

ಪೆಟ್ರೋಲ್ ಸುಟ್ಟು ಮುಗಿಸುವ ಸಾಮಾನು. ಬ್ಯಾಟರಿಯ ಲಿಥಿಯಂ, ನಿಕ್ಕಲ್ ಹಾಗಲ್ಲ. ಒಮ್ಮೆ ಅಗೆದು ತಂದರೆ ವರ್ಷಗಟ್ಟಲೆ ಗಾಡಿಯಲ್ಲೇ ಇರುತ್ತವೆ. ಬ್ಯಾಟರಿಗೆ ವಯಸ್ಸಾದ ಮೇಲೆ ಒಡೆದು, ಕರಗಿಸಿ, ಬೇರೆ ಮಾಡಿ ತೆಗೆಯಬಹುದು. ಸುಟ್ಟ ಪೆಟ್ರೋಲನ್ನು ಯಾರು ವಾಪಸ್ ತೆಗೆದಿದ್ದಾರೆ? ಜಗತ್ತಿನ ಹಡಗುಗಳು ಹೊರುವ ಸರಕಿನಲ್ಲಿ, ತೂಕದ ಲೆಕ್ಕದಲ್ಲಿ, ಸುಮಾರು ಶೇ 40 ಬರೀ ಕಲ್ಲಿದ್ದಲು, ತೈಲ, ಗ್ಯಾಸ್. ಸುಡುವ ಸಾಮಾನು ಸಾಗಿಸಲಿಕ್ಕೇ ಅಷ್ಟು ಹಡಗು ಓಡಬೇಕು, ಆ ಹಡಗುಗಳಿಗೂ ಎಣ್ಣೆ ಬೇಕು! ಜಗತ್ತು ಬಳಸುವ ತೈಲದ ಸುಮಾರು ಐದನೇ ಒಂದು ಪಾಲು ಹಾರ್ಮುಜ್ ಜಲಸಂಧಿಯ ಮೂಲಕ ಬರುತ್ತಿತ್ತು ಎಂದರೆ, ಅಲ್ಲಿ ಜಗಳ ಶುರುವಾದಾಗ ಎಷ್ಟು ದೇಶಗಳು ನಡುಗಬೇಕು ಯೋಚಿಸಿ. 1973ರಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದಾಗ ನೆದರ್‌ಲೆಂಡ್ಸ್‌ನಂಥ ಶ್ರೀಮಂತ ದೇಶವೇ ಭಾನುವಾರ ಕಾರು ತೆಗೆಯಬೇಡಿ ಎಂದು ಜನರಿಗೆ ಹೇಳಬೇಕಾಯಿತು. ಆ ಪೆಟ್ಟಿನಿಂದ ಪಾಠ ಕಲಿತದ್ದು ಬ್ರೆಜಿಲ್. 1975ರಲ್ಲೇ ಕಬ್ಬಿನ ಎಥನಾಲ್ (ಗಾಡಿಗೆ ಹಾಕುವ ಆಲ್ಕೋಹಾಲ್) ಕಾರ್ಯಕ್ರಮ ಶುರು ಮಾಡಿತು. 2003ರ ನಂತರ ಅಲ್ಲಿ ಪೆಟ್ರೋಲ್, ಎಥನಾಲ್ ಎರಡನ್ನೂ ಕುಡಿಯುವ ಫ್ಲೆಕ್ಸ್ ಕಾರುಗಳು ಬಂದವು. ಯಾವುದು ಅಗ್ಗವೋ ಅದನ್ನು ಹಾಕಿಸಿಕೊಳ್ಳುತ್ತಾರೆ.

ಈಗ ಹೊಗೆ. ಇದು ನನಗೆ ಪುಸ್ತಕದಲ್ಲಿ ಓದಿದ ವಿಷಯವಲ್ಲ.

ನನ್ನ ಸೋದರಮಾವ ಬಸ್ ಡಿಪೊದಲ್ಲಿ ಮೆಕ್ಯಾನಿಕ್ ಆಗಿದ್ದರು. ರಜೆಯಲ್ಲಿ ಅವರ ಹಿಂದೆ ಹೋಗುತ್ತಿದ್ದೆ. ರಾತ್ರಿಯೆಲ್ಲ ನಿಂತ ಬಸ್ಸಿನಲ್ಲಿ ಬ್ರೇಕಿನ ಗಾಳಿ ಇಳಿದುಹೋಗಿರುತ್ತದೆ. ಅದು ಮತ್ತೆ ಏರುವ ತನಕ ಬಸ್ಸು ಹೊರಡುವ ಹಾಗಿಲ್ಲ. ಹಾಗಾಗಿ ಬೆಳಗಿನ ಜಾವ ಎಲ್ಲ ಬಸ್ಸುಗಳನ್ನೂ ಸಾಲಾಗಿ ಸ್ಟಾರ್ಟ್ ಮಾಡಿ ಸುಮ್ನೆ ಬಿಡುತ್ತಿದ್ದರು. ಶೆಡ್ಡಿನ ತುಂಬಾ ಹೊಗೆ. ಮಾವ ಅದರೊಳಗೇ ನಡೆದಾಡುತ್ತ, ಯಾವ ಬಸ್ಸಿಗೆ ಏನು ಕಾಯಿಲೆ ಎಂದು ಹೊಗೆಯ ಬಣ್ಣದಿಂದಲೇ ಹೇಳುತ್ತಿದ್ದರು. ಕಪ್ಪು ಬಂದರೆ ಡೀಸೆಲ್ ಜಾಸ್ತಿ ಹೋಗುತ್ತಿದೆ ಅಥವಾ ಗಾಳಿ ಸಾಲುತ್ತಿಲ್ಲ. ನೀಲಿ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ನನಗೂ ಕಲಿಸಿದರು. ಆ ವಿದ್ಯೆಯ ಬಗ್ಗೆ ಅವರಿಗೆ ಹೆಮ್ಮೆ ಇತ್ತು, ನನಗೂ ಇತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದ್ದು 2012ರಲ್ಲಿ. ಅಷ್ಟರಲ್ಲಿ ಮಾವ ನಿವೃತ್ತರಾಗಿದ್ದರು. ಅವರ ಕೆಮ್ಮು ಆಗಿರಲಿಲ್ಲ.

ಈಚೆಗೆ ಅದೇ ಡಿಪೊಗೆ ಬ್ಯಾಟರಿ ಬಸ್ಸುಗಳು ಬಂದವು. ಮಾವನನ್ನು ಕರೆದುಕೊಂಡು ಹೋದೆ. ಅವರಿಗೆ ಇಷ್ಟವಾಗಲಿಲ್ಲ. ಹಿಂದಿನಿಂದ ಬಸ್ಸು ಬಂದದ್ದೇ ಗೊತ್ತಾಗಲ್ಲ ಎಂದು ಗೊಣಗಿದರು. (ಅದು ನಿಜ. ನಿಧಾನವಾಗಿ ಚಲಿಸುವಾಗ ಇಂಥ ಗಾಡಿಗಳು ಸದ್ದು ಮಾಡಲೇಬೇಕು ಎಂದು ಯುರೋಪಿನಲ್ಲಿ ನಿಯಮವೇ ಇದೆ.) ಹಿಂದಿನ ಬಾಗಿಲು ತೆಗೆಸಿ ಬಗ್ಗಿ ನೋಡಿದರು. ಕಿತ್ತಳೆ ಬಣ್ಣದ ಕೇಬಲ್ ಮುಟ್ಟಬೇಡಿ ಸರ್ ಎಂದು ಹುಡುಗನೊಬ್ಬ ಕೂಗಿದ. ಅದರಲ್ಲಿ ನೂರಾರು ವೋಲ್ಟ್ ಹರಿಯುತ್ತದೆ. ಡೀಸೆಲ್ ಚಿಮ್ಮಿಸುವ ನಾಝಲ್ ಇಲ್ಲ, ಕ್ಲಚ್ ಇಲ್ಲ, ಎಂಜಿನ್ ಆಯಿಲ್ ಇಲ್ಲ. "ಇಲ್ಲಿ ನಾನು ಮಾಡೋ ಕೆಲಸವೇ ಇಲ್ಲವಲ್ಲೋ" ಅಂದರು. ನಾನು ಶೆಡ್ಡಿನ ಆಚೆ ತುದಿ ನೋಡುತ್ತಿದ್ದೆ. ಅಲ್ಲೊಂದು ಗೋಡೆ ಇತ್ತು. ಬೆಳಗಿನ ಹೊತ್ತಿನಲ್ಲಿ ಆ ಗೋಡೆ ನನ್ನ ಕಣ್ಣಿಗೆ ಬಿದ್ದದ್ದು ಅದೇ ಮೊದಲು.

ಗ್ಯಾಸ್ ಬಗ್ಗೆಯೂ ಒಂದು ಮಾತು. 1998ರಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ಬಸ್ಸುಗಳೆಲ್ಲ ಸಿಎನ್‌ಜಿಗೆ ಬದಲಾಗಬೇಕು ಎಂದಾಗ ಆಗಲ್ಲ, ಹೋಗಲ್ಲ ಎಂದವರೇ ಜಾಸ್ತಿ. 2002ರ ಕೊನೆಗೆ ಆಯಿತು. ಪೆಟ್ರೋಲ್‌ಗೆ ಸೀಸ ಬೆರೆಸುವಾಗಲೂ ಇದೇ ಜಾತಿಯ ಮಾತು ಕೇಳಿಬಂದಿತ್ತು. ಎಂಜಿನ್ ನಾಕ್ ಆಗದಿರಲು (ಅಂದರೆ ಒಳಗೆ ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಉರಿದು ಟಕಟಕ ಬಡಿಯದಿರಲು) ಸೀಸ ಬೇಕಿಲ್ಲ, ಆಲ್ಕೋಹಾಲ್ ಸಾಕು ಎಂದು 1920ರ ದಶಕದಲ್ಲೇ ಗೊತ್ತಿತ್ತು. ಆದರೂ ಸೀಸವೇ ಗೆದ್ದಿತು. ಸೀಸದ ಪೆಟ್ರೋಲನ್ನು ಬಂಕುಗಳಲ್ಲಿ ಮಾರುವುದನ್ನು ಕೊನೆಯ ದೇಶವಾಗಿ ಅಲ್ಜೀರಿಯಾ ನಿಲ್ಲಿಸಿದ್ದು 2021ರಲ್ಲಿ. ಸುಮಾರು ನೂರು ವರ್ಷ ಮಕ್ಕಳ ಮೆದುಳಿಗೆ ಸೀಸ ಹೋಯಿತು.

ಎದುರು ಪಕ್ಷದವರು ಈಗ ಹೈಡ್ರೋಜನ್ ದುಬಾರಿ, ಚಾರ್ಜಿಂಗ್ ನಿಧಾನ ಎಂದೆಲ್ಲ ಹೇಳುತ್ತಾರೆ. ಹೇಳಲಿ. ನೂರರಲ್ಲಿ ಎಪ್ಪತ್ತು ಪೋಲು ಮಾಡುವ ಎಂಜಿನ್ ಯಾಕೆ ಇಟ್ಟುಕೊಳ್ಳಬೇಕು ಎಂಬುದಕ್ಕೆ ಮೊದಲು ಉತ್ತರ ಕೊಡಲಿ.

ವಿರೋಧ: ಎಲ್ಲ ಪರ್ಯಾಯವನ್ನೂ ಒಂದೇ ಚೀಲಕ್ಕೆ ತುಂಬಬೇಡಿ

ಪರ ಬರೆಯಲು ಜನ ಸಿಕ್ಕಿದ್ದಾರೆ, ನೀವು ವಿರೋಧ ಬರೆಯಿರಿ ಎಂದು ಸಂಪಾದಕರು ಹೇಳಿದರು. ನಾನು ಕೆಲಸಕ್ಕೆ ಹೋಗುವುದೇ ಬ್ಯಾಟರಿ ಸ್ಕೂಟರ್‌ನಲ್ಲಿ ಎಂದೆ. ಪರವಾಗಿಲ್ಲ ಅಂದರು. ಹಾಗಾಗಿ ಇದು ಅರ್ಧ ಮನಸ್ಸಿನ ವಿರೋಧ. ಅರ್ಧ ಮಾತ್ರ, ಪೂರ್ತಿ ಸುಳ್ಳಲ್ಲ.

ಎಂಜಿನ್ ಕಾಯುತ್ತದೆ, ಪೋಲಾಗುತ್ತದೆ ಎಂಬ ಮಾತು ಇರಲಿ. ಪೆಟ್ರೋಲ್ ಇಷ್ಟು ವರ್ಷ ಗೆದ್ದದ್ದು ಬೇರೆ ಕಾರಣಕ್ಕೆ. ಒಂದು ಕಿಲೋ ಪೆಟ್ರೋಲ್‌ನಲ್ಲಿ ಸುಮಾರು 12 ಯೂನಿಟ್ ಶಕ್ತಿ ಇದೆ. ಒಂದು ಕಿಲೋ ಕಾರಿನ ಬ್ಯಾಟರಿಯಲ್ಲಿ ಕಾಲು ಯೂನಿಟ್ ಕೂಡ ಕಷ್ಟ. ಬಂಕ್‌ನಲ್ಲಿ ಪೈಪ್ ಹಿಡಿದು ಎರಡು ನಿಮಿಷ ನಿಂತರೆ 40 ಲೀಟರ್ ಬೀಳುತ್ತದೆ. ಹೊರೆ ಹೊತ್ತು ದೂರ ಹೋಗುವವನಿಗೆ ಇದು ಸಣ್ಣ ವಿಷಯವಲ್ಲ.

ನನ್ನ ತಮ್ಮ ಗ್ಯಾಸ್ ಕಾರು ತೆಗೆದುಕೊಂಡ. ಡಿಕ್ಕಿ ತುಂಬಾ ಸಿಲಿಂಡರ್. ಮನೆಮಂದಿಯೆಲ್ಲ ಹೊರಟರೆ ಚೀಲಗಳು ತೊಡೆಯ ಮೇಲೆ. ಅದನ್ನು ಸಹಿಸಬಹುದು, ಆದರೆ ಗ್ಯಾಸ್ ತುಂಬಿಸುವ ಕತೆ ಬೇರೆ. ಸಾಲಿನಲ್ಲಿ ನಿಂತು ನಿಂತು ನಮ್ಮ ಸರದಿ ಬರುವ ಹೊತ್ತಿಗೆ ಪ್ರೆಶರ್ ಇಲ್ಲ ಎನ್ನುತ್ತಾರೆ. ಸಿಎನ್‌ಜಿಯನ್ನು 200 ಬಾರ್‌ಗೂ ಮೇಲಿನ ಒತ್ತಡದಲ್ಲಿ ತುಂಬಬೇಕು. ಸಾಲು ಉದ್ದ ಇದ್ದಾಗ ಒತ್ತಡ ಇಳಿಯುತ್ತದೆ, ಸಿಲಿಂಡರ್ ಅರ್ಧಕ್ಕೇ ನಿಲ್ಲುತ್ತದೆ. ಅರ್ಧ ತುಂಬಿಸಿಕೊಂಡವನು ಮತ್ತೆ ಬೇಗ ಸಾಲಿಗೆ ಬರುತ್ತಾನೆ, ಸಾಲು ಇನ್ನೂ ಉದ್ದವಾಗುತ್ತದೆ. ಒಮ್ಮೆ ಕಂಪ್ರೆಸರ್ ಕೆಟ್ಟು ಎಲ್ಲರನ್ನೂ ಕಳಿಸಿಬಿಟ್ಟರು. ತಮ್ಮ ಮಾತೇ ಆಡದೆ ಸ್ವಿಚ್ ಒತ್ತಿ ಪೆಟ್ರೋಲ್‌ಗೆ ಬದಲಾಯಿಸಿದ. ಆ ಕಾರಿನಲ್ಲೂ ಒಂದು ಪೆಟ್ರೋಲ್ ಟ್ಯಾಂಕ್ ಇಟ್ಟಿರುತ್ತಾರೆ ನೋಡಿ. ಮಾಡಿದವರಿಗೇ ನಂಬಿಕೆ ಇಲ್ಲ! ಅಂದಹಾಗೆ ಸಿಎನ್‌ಜಿಯೂ ನೆಲದಡಿಯಿಂದ ತೆಗೆದದ್ದೇ. ಸುಡದೆ ಸೋರಿದ ಮೀಥೇನ್ 20 ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಭೂಮಿಯನ್ನು ಬಿಸಿ ಮಾಡುತ್ತದೆ.

ಹೈಡ್ರೋಜನ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಇವತ್ತು ಜಗತ್ತಿನಲ್ಲಿ ತಯಾರಾಗುವ ಹೈಡ್ರೋಜನ್ ಹೆಚ್ಚುಕಡಿಮೆ ಎಲ್ಲವೂ ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ ಬರುತ್ತದೆ. ಕಾರಿನಲ್ಲಿ ಅದನ್ನು 700 ಬಾರ್ ಒತ್ತಡದಲ್ಲಿ ಹಿಡಿದಿಡಬೇಕು. ಶೆಲ್ ಕಂಪನಿ 2024ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾರುಗಳಿಗಾಗಿ ತೆರೆದಿದ್ದ ತನ್ನ ಹೈಡ್ರೋಜನ್ ಬಂಕುಗಳನ್ನು ಮುಚ್ಚಿತು.

ನನಗೆ ನಿಜವಾಗಿ ಸಿಟ್ಟು ಬರುವುದು ಬೆಳೆಯಿಂದ ಮಾಡುವ ಇಂಧನದ ಮೇಲೆ. ಇದನ್ನು ಯಾರೂ ಹೇಳದಿದ್ದರೂ ಬರೆಯುತ್ತಿದ್ದೆ. ಅಮೆರಿಕದ ಮೆಕ್ಕೆಜೋಳದಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಎಥನಾಲ್ ಕಾರ್ಖಾನೆಗೆ ಹೋಗುತ್ತದೆ. ಇಂಡೋನೇಷ್ಯಾ 2025ರಿಂದ ಡೀಸೆಲ್‌ಗೆ ಶೇ 40 ತಾಳೆ ಎಣ್ಣೆಯ ಬಯೋಡೀಸೆಲ್ ಬೆರೆಸಲು ಹೊರಟಿತು. ಆ ದೇಶದ ತಾಳೆ ತೋಟಗಳು ಎಲ್ಲಿ ಬೆಳೆದವು? ಎಷ್ಟೋ ಕಡೆ ಕಾಡು ಕಡಿದ ಜಾಗದಲ್ಲಿ, ಜೌಗು ನೆಲ ಬಸಿದು ಒಣಗಿಸಿದ ಜಾಗದಲ್ಲಿ. ಆ ನೆಲ ಒಣಗಿದರೆ ಸಾವಿರಾರು ವರ್ಷ ಕೂಡಿಟ್ಟ ಇಂಗಾಲ ಗಾಳಿಗೆ ಹೋಗುತ್ತದೆ. ಹಸಿರು ಇಂಧನ ಅಂತೆ! ಗಿಡ ತನ್ನ ಮೇಲೆ ಬಿದ್ದ ಬಿಸಿಲಲ್ಲಿ ನೂರಕ್ಕೆ ಒಂದೆರಡು ಪಾಲನ್ನು ಮಾತ್ರ ಕೂಡಿಡುತ್ತದೆ. ಸೋಲಾರ್ ಫಲಕ ಸುಮಾರು 20 ಹಿಡಿಯುತ್ತದೆ. ಅದೇ ನೆಲದಲ್ಲಿ ಫಲಕ ಹಾಕಿದರೆ ಗಾಡಿ ಎಷ್ಟೋ ಪಟ್ಟು ದೂರ ಓಡುತ್ತದೆ. ಹಾಗಾದರೆ ಇದು ಬ್ಯಾಟರಿಯ ಪರ ವಾದ ಆಯ್ತಲ್ವಾ ಎಂದು ಕೇಳಬೇಡಿ. ನನಗೆ ಕೊಟ್ಟ ಜಾಗದಲ್ಲಿ ನಾನು ಎಥನಾಲ್ ಬೈಯುತ್ತಿದ್ದೇನೆ ಅಷ್ಟೇ.

ಬ್ರೆಜಿಲ್ ಕತೆಯನ್ನೂ ಪೂರ್ತಿ ಹೇಳಬೇಕು. 1980ರ ದಶಕದಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಬರೀ ಎಥನಾಲ್‌ನಲ್ಲಿ ಓಡುವವೇ ಹೆಚ್ಚಾಗಿದ್ದವು. ದಶಕದ ಕೊನೆಗೆ ಸಕ್ಕರೆಗೆ ಒಳ್ಳೆ ಬೆಲೆ ಬಂತು. ಗಿರಣಿಯವರು ಕಬ್ಬನ್ನು ಆ ಕಡೆ ತಿರುಗಿಸಿದರು. ಬಂಕುಗಳಲ್ಲಿ ಎಥನಾಲ್‌ಗೆ ಬರ ಬಂತು, ಜನ ಅಂಥ ಕಾರಿನ ಸಹವಾಸವೇ ಬಿಟ್ಟರು. ಎರಡನ್ನೂ ಕುಡಿಯುವ ಕಾರು ಹುಟ್ಟಿದ್ದರ ಹಿಂದೆ ಈ ಪೆಟ್ಟೂ ಇದೆ. ಜೊತೆಗೆ, ಒಂದು ಲೀಟರ್ ಎಥನಾಲ್‌ನಲ್ಲಿ ಇರುವುದು ಪೆಟ್ರೋಲ್‌ನ ಮೂರನೇ ಎರಡು ಪಾಲು ಶಕ್ತಿ. ಮೈಲೇಜ್ ಯಾಕೆ ಬೀಳುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ನಾರ್ವೆಯನ್ನು ಪರ ಪಕ್ಷದವರು ಹೇಗೋ ಮರೆತಿದ್ದಾರೆ. ನಾನೇ ಹೇಳುತ್ತೇನೆ. 2024ರಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ನೂರಕ್ಕೆ 88ಕ್ಕೂ ಜಾಸ್ತಿ ಬ್ಯಾಟರಿಯವು. ಅವರ ಕರೆಂಟು ಹೆಚ್ಚುಕಡಿಮೆ ಎಲ್ಲ ಜಲವಿದ್ಯುತ್. ಆ ಕಾರುಗಳಿಗೆ ವರ್ಷಗಟ್ಟಲೆ ತೆರಿಗೆ ಬಿಟ್ಟುಕೊಡುವಷ್ಟು ಶ್ರೀಮಂತ ದೇಶ ಅದು. ಆ ಶ್ರೀಮಂತಿಕೆ ಬಂದದ್ದು ಸಮುದ್ರದ ತಳದ ತೈಲ, ಗ್ಯಾಸ್ ತೆಗೆದು ಬೇರೆ ದೇಶಗಳಿಗೆ ಮಾರಿ. ಸುಡುವ ಕೆಲಸ ನಮಗೆ, ಸ್ವಚ್ಛ ಗಾಳಿ ಅವರಿಗೆ.

ನಗರದ ಬಸ್ಸುಗಳ ವಿಷಯದಲ್ಲಿ ನನಗೆ ಜಗಳವಿಲ್ಲ. ಅವು ದಿನಾ ಅದೇ ದಾರಿಯಲ್ಲಿ ಓಡುತ್ತವೆ, ರಾತ್ರಿ ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ, ಚಾರ್ಜ್ ಆಗುತ್ತವೆ. ಟ್ರ್ಯಾಕ್ಟರ್‌ಗೆ ಈ ಸುಖ ಇಲ್ಲ. ಬಿತ್ತನೆಯ ಹೊತ್ತಿನಲ್ಲಿ ಮಳೆ ಬರುವ ಮೊದಲು ಉಳುಮೆ ಮುಗಿಯಬೇಕು, ಹಗಲು ರಾತ್ರಿ ಓಡಿಸುತ್ತಾರೆ. ಡೀಸೆಲ್ ಮುಗಿದರೆ ಒಬ್ಬರು ಕ್ಯಾನ್ ಹಿಡಿದು ಹೊಲಕ್ಕೇ ಬರುತ್ತಾರೆ. ಮಣ್ಣು ಅಗೆಯುವ ಯಂತ್ರ, ಊರು ಬಿಟ್ಟು ಊರು ಸುತ್ತುವ ಲಾರಿ, ಇವುಗಳ ಕತೆಯೂ ಇದೇ. ಇವಕ್ಕೆ ಬೇರೆ ಇಂಧನ ಯಾವುದು, ಯಾರು ತಂದುಕೊಡುತ್ತಾರೆ ಎಂಬುದನ್ನು ಪರ ಪಕ್ಷದವರು ಎಲ್ಲೂ ಬರೆದಿಲ್ಲ.