ಚರಗದ ಪ್ಲೇಲಿಸ್ಟ್

ಹುಬ್ಬಳ್ಳಿ-ಧಾರವಾಡದ ಸಮಸ್ಯೆಗಳೆಲ್ಲ ಮುಗಿದಿವೆ ಅಂತ ಕಾಣುತ್ತೆ. ರಸ್ತೆಯ ಗುಂಡಿ, ಬೈಪಾಸಿನ ಧೂಳು, ವಾರಕ್ಕೊಮ್ಮೆ ಮುಖ ತೋರಿಸುವ ನಳದ ನೀರು, ಎಲ್ಲ ಬಗೆಹರಿದು ಈಗ ಉಳಿದಿರೋದು ಒಂದೇ ಪ್ರಶ್ನೆ. ಶೀಗಿ ಹುಣ್ಣಿಮೆಗೆ ಯಾವ ಹಳೆ ಹಾಡು ಹಾಕಬೇಕು?

ಆ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರುತ್ತೆ. ಬಂದಿಲ್ಲ ಅಂದ್ರೆ ಪುಣ್ಯವಂತರು, ಹಾಗೇ ಇರಿ. ಒಂದು ಬಡಾವಣೆಯ ಮಂದಿ ನವಲಗುಂದದ ಕಡೆ ಯಾರದೋ ಎರಿ ಹೊಲವನ್ನು ಒಂದು ದಿನಕ್ಕೆ ಬಾಡಿಗೆ ಹಿಡಿದರು. ಪೆಂಡಾಲು ಹಾಕಿ, ಆಳೆತ್ತರದ ಸ್ಪೀಕರ್ ನಿಲ್ಲಿಸಿ, ಮೇಲೆ ಡ್ರೋನ್ ಹಾರಿಸಿ ಚರಗ ಚೆಲ್ಲಿದರು, ಅಂದ್ರೆ ಶೀಗಿ ಹುಣ್ಣಿಮೆಗೆ ಭೂಮಿತಾಯಿಗೆ ಉಣಿಸೋ ಅಡುಗೆಯನ್ನು ಹೊಲಕ್ಕೆಲ್ಲ ಎರಚಿದರು. ಹೆಂಗಸರಿಗೆ ಇಳಕಲ್ ಸೀರೆ, ಗಂಡಸರಿಗೆ ಪಟಗಾ. ಪಟಗಾ ಸುತ್ತಲಿಕ್ಕೆ ಬರಲ್ಲ ಅಂತ ಸುತ್ತಿದ್ದನ್ನೇ ತಂದು ತಲೆಗೆ ಟೋಪಿ ಇಟ್ಟ ಹಾಗೆ ಇಟ್ಟುಕೊಂಡರು. ಗಾಳಿ ಬೀಸಿದಾಗೆಲ್ಲ ಒಂದೊಂದು ಪಟಗಾ ಹತ್ತಿ ಗಿಡದ ಮೇಲೆ ಹೋಗಿ ಕೂರುತ್ತಿತ್ತು.

ಹಾಡು ಆರಿಸಲು ಒಂದು ಉಪಸಮಿತಿ ಇತ್ತು. ಸುಮ್ನೆ ಅಲ್ಲ, ಸಭೆ ಸೇರಿ, ಚಹಾ-ಮಿರ್ಚಿ ಮುಗಿಸಿ, ಜಗಳ ಆಡಿ ಎದ್ದ ಸಮಿತಿ. ನಿಯಮ ಒಂದೇ, ಹಾಡು ಹಳೇದಿರಬೇಕು. ಹಳೇದಾದರೆ ಅದರಲ್ಲಿ ಮಣ್ಣಿನ ವಾಸನೆ ತಾನಾಗೇ ಇರುತ್ತೆ ಅಂತ ಅವರ ನಂಬಿಕೆ. ಈ ಲೆಕ್ಕದಲ್ಲಿ ನಮ್ಮ ಸಾರಿಗೆ ಬಸ್ಸುಗಳಿಗಿಂತ ಜಾಸ್ತಿ ಮಣ್ಣಿನ ವಾಸನೆ ಇರೋದು ಇನ್ಯಾವುದಕ್ಕೂ ಇಲ್ಲ.

ಧಾರವಾಡದ ಹತ್ತಿರ ಅಂದ ಮೇಲೆ ಮೊದಲು ಬೇಂದ್ರೆ. ‘ಬೆಳಗು’ ಪದ್ಯ ಹಾಕಿದರು. 1967ರ ‘ಬೆಳ್ಳಿ ಮೋಡ’ ಸಿನಿಮಾದಲ್ಲಿ ಬಂತಲ್ಲ, ಮೂಡಲ ಮನೆಯ ಅಂತ ಶುರುವಾಗುತ್ತಲ್ಲ, ಅದೇ. ಸೂರ್ಯ ಹುಟ್ಟೋ ಹಾಡು. ಮಂದಿ ಇಡ್ಲಿ-ವಡೆ ತಿಂದು, ಬಸ್ಸು ಹತ್ತಿ, ನಡುವೆ ಒಮ್ಮೆ ಇಳಿದು, ಹೊಲ ಮುಟ್ಟಿದಾಗ ಹನ್ನೊಂದೂವರೆ. ನೆತ್ತಿ ಸುಡುವ ಬಿಸಿಲಲ್ಲಿ ಕರಿ ಕನ್ನಡಕ ಹಾಕಿಕೊಂಡು ಎಲ್ಲರೂ ಬೆಳಗನ್ನು ಸ್ವಾಗತಿಸಿದರು. ಇಡೀ ಪಟ್ಟಿಯಲ್ಲಿ ಹುಣ್ಣಿಮೆಗೆ ಒಪ್ಪುವ ಹಾಡು ಅಂತ ಇದ್ದದ್ದು ಪಿ. ಕಾಳಿಂಗರಾಯರ ‘ಬಾರಯ್ಯ ಬೆಳದಿಂಗಳೇ’ ಒಂದೇ. ಅದು ಪಟ್ಟಿಯ ಕೊನೆಯಲ್ಲಿತ್ತು. ನಾಲ್ಕಕ್ಕೇ ಬಸ್ಸು ಹೊರಟಿದ್ದರಿಂದ ಚಂದ್ರನಿಗೂ ಅವಕಾಶ ಸಿಗಲಿಲ್ಲ, ಕಾಳಿಂಗರಾಯರಿಗೂ ಸಿಗಲಿಲ್ಲ.

ಉಳಿದದ್ದೆಲ್ಲ ಸುಗ್ಗಿ. ರಾಶಿ ಮಾಡೋ ಹಾಡು, ಕಣದ ಹಾಡು, ಕಣಜ ತುಂಬಿತು ಅನ್ನೋ ಹಾಡು. ಅಲ್ರೀ, ಶೀಗಿ ಹುಣ್ಣಿಮೆಗೂ ಸುಗ್ಗಿಗೂ ಏನು ಸಂಬಂಧ? ಇದು ಆಶ್ವೀಜ ಮಾಸದ ಹುಣ್ಣಿಮೆ. ಪೈರು ಇನ್ನೂ ಹೊಲದಲ್ಲೇ ನಿಂತಿರುತ್ತೆ. ಭೂಮಿತಾಯಿ ತುಂಬಿದ ಬಸುರಿ ಅಂತ ಲೆಕ್ಕ. ಅವಳಿಗೆ ಬಯಕೆ ಊಟ ಬಡಿಸೋದಕ್ಕೇ ಚರಗ ಅನ್ನೋದು. ಅದಕ್ಕೇ ಕಡಬು, ಹೋಳಿಗೆ, ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಮೊಸರನ್ನ ಎಲ್ಲ ಬುಟ್ಟಿ ತುಂಬಿಕೊಂಡು ಹೊಲಕ್ಕೆ ಹೋಗೋದು. ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರು ಅಂತ ಕೂರಿಸೋದು. ಆ ದಿನ ಕಣಜದ ಹಾಡು ಹಾಕೋದು ಅಂದ್ರೆ ಕುಬಸದ, ಅಂದ್ರೆ ಸೀಮಂತದ ಮನೆಯಲ್ಲಿ ಕೂತು ತೊಟ್ಟಿಲ ಹಾಡು ಹಾಡಿದ ಹಾಗೆ. ಹಿರಿಯರು ಇದ್ದಿದ್ದರೆ ಎದ್ದು ಬಾಯಿ ಮುಚ್ಚಿಸುತ್ತಿದ್ದರು.

ಆದರೆ ಸಮಿತಿಗೆ ಇನ್ನೊಂದು ಪೆಟ್ಟಿಗೆ ತೆಗೆಯಬೇಕಿತ್ತು. ‘ಬಂಗಾರದ ಮನುಷ್ಯ’. 1972. ರೈತ ಅಂದ ಕೂಡಲೇ ನಮಗೆ ರಾಜೀವಪ್ಪನೇ. ಅದು ತಪ್ಪಲ್ಲ. ಆ ಸಿನಿಮಾ ನೋಡಿ ಪಟ್ಟಣ ಬಿಟ್ಟು ಹಳ್ಳಿಗೆ ಬೇಸಾಯಕ್ಕೆ ಹೋದ ಹುಡುಗರ ಕತೆ ನಮ್ಮ ಹಿರಿಯರು ಈಗಲೂ ಹೇಳ್ತಾರೆ. ಈಗಿನವರು ಅದರ ಹಾಡು ಕೇಳಿ ಹಳ್ಳಿಗೆ ಹೋದರು, ಹೌದು, ನಾಲ್ಕು ಗಂಟೆ ಹೊತ್ತು. ಆ ಸಿನಿಮಾದಲ್ಲಿ ಊರಿಗೆ ಊರನ್ನೇ ಉದ್ಧಾರ ಮಾಡಿದವನು ಕೊನೆಗೆ ಮನೆ ಬಿಟ್ಟು ನಡೆದುಬಿಡ್ತಾನೆ ಅನ್ನೋದು ಪಟಗಾದವರಿಗೆ ನೆನಪಿರಲಿಲ್ಲ. ಹಾಡು ಮಾತ್ರ ನೆನಪಿತ್ತು.

ಹಾಕಿದ್ದು ಯಾವ ಹಾಡು ಗೊತ್ತಾ? ‘ಆಗದು ಎಂದು’. ಪಿ.ಬಿ. ಶ್ರೀನಿವಾಸ್ ಹಾಡಿದ್ದು, ಜಿ.ಕೆ. ವೆಂಕಟೇಶ್ ಸಂಗೀತ. ಒಳ್ಳೆ ಹಾಡು, ನನಗೂ ಬಾಯಿಪಾಠ. ವಿಶ್ವೇಶ್ವರಯ್ಯನವರು ಕನ್ನಂಬಾಡಿ ಕಟ್ಟದೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ಅದರಲ್ಲಿ ಕೇಳ್ತಾರೆ. ಇದನ್ನು ಎಲ್ಲಿ ಹಾಕಿದರು? ನವಲಗುಂದದ ಕಡೆಯ ಹೊಲದಲ್ಲಿ! ಕಟ್ಟದೇ ಇದ್ದರೆ ಏನಾಗುತ್ತೆ ಅಂತ ಆ ಮಂದಿಗೆ ಹಾಡು ಹಾಕಿ ತಿಳಿಸಬೇಕಾ? ನೀರಿನ ಕರದ ವಿರುದ್ಧ ಎದ್ದು, 1980ರ ಜುಲೈ 21ಕ್ಕೆ ಗುಂಡು ತಿಂದ ಸೀಮೆ ಅದು, ನರಗುಂದ-ನವಲಗುಂದ. ಗೋವಾದ ಜೊತೆಗಿನ ಮಹದಾಯಿ ನದಿಯ ನೀರಿನ ಜಗಳಕ್ಕೆ 2010ರಲ್ಲಿ ನ್ಯಾಯಮಂಡಳಿ ಬಂತು. ಆ ನೀರನ್ನು ಈ ಕಡೆ ತಿರುಗಿಸೋ ಕಳಸಾ-ಬಂಡೂರಿ ಯೋಜನೆಗೆ 7.56 ಟಿಎಂಸಿ ಕೇಳಿದ್ದೆವು, 2018ರಲ್ಲಿ 3.9 ಅಂದರು. 2020ರಲ್ಲಿ ಗೆಜೆಟ್ ಆಯಿತು. ಪಟಾಕಿ ಹೊಡೆದೆವು, ಪೇಡಾ ಹಂಚಿದೆವು. ನೀರು ಮಾತ್ರ ಇನ್ನೂ ಆ ಕಡೆಯೇ ಇದೆ. ಆಗದು ಎಂದು ಕೈ ಕಟ್ಟಿ ಕೂತವರು ಯಾರು ಅಂತ ಸ್ಪೀಕರನ್ನು ಬೆಂಗಳೂರಿನ ಕಡೆಗೋ ದಿಲ್ಲಿಯ ಕಡೆಗೋ ತಿರುಗಿಸಿ ಕೇಳಬೇಕಿತ್ತು. ಇವರು ಹತ್ತಿ ಗಿಡದ ಕಡೆ ತಿರುಗಿಸಿದ್ದರು.

ಇರಲಿ. ಹಬ್ಬದ ಮಾತಿಗೆ ಬರೋಣ.

ಬರೋ ಮುಂಚೆ ಕರೋಕೆ ಬಗ್ಗೆ ಎರಡು ಮಾತು ಆಡದಿದ್ದರೆ ನನಗೆ ಊಟ ಸೇರಲ್ಲ. ಕುಂದಗೋಳದ ಸವಾಯಿ ಗಂಧರ್ವರು, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್, ಧಾರವಾಡದ ಮಲ್ಲಿಕಾರ್ಜುನ ಮನ್ಸೂರ, ಗದಗಿನ ಭೀಮಸೇನ ಜೋಶಿ. ಇತ್ತ ವೀರೇಶ್ವರ ಪುಣ್ಯಾಶ್ರಮ, ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜರು. ಇಷ್ಟು ದೊಡ್ಡವರು ಒಂದೇ ಸೀಮೆಯಲ್ಲಿ ಹಾಡಿದ್ದಕ್ಕೆ ಪ್ರಾಯಶ್ಚಿತ್ತ ಅಂತಲೋ ಏನೋ, ಈಗ ಇಲ್ಲಿ ನಿವೃತ್ತಿ ಆದವರೆಲ್ಲ ಒಂದೊಂದು ಕರೋಕೆ ಮೈಕ್ ಕೊಂಡಿದ್ದಾರೆ. ಪಿಂಚಣಿ ಕಾಗದದ ಜೊತೆಗೇ ಮೈಕನ್ನೂ ಕೊಡ್ತಾರೇನೋ ಅಂತ ನನಗೆ ಅನುಮಾನ. ಸಂಜೆ ವಾಕಿಂಗಿಗೆ ಹೋದರೆ ಒಂದು ಮನೆಯಿಂದ ಪಲ್ಲವಿ, ಮುಂದಿನ ಮನೆಯಿಂದ ಚರಣ, ಮೂಲೆಯ ಮನೆಯಿಂದ ಬರೀ ಆಲಾಪ. ಶ್ರುತಿ ಯಾರ ಮನೆಯಲ್ಲೂ ಇಲ್ಲ, ಅದೂ ವಾಕಿಂಗಿಗೆ ಹೋಗಿರುತ್ತೆ. ಹಾಡುವಾಗ ಕಣ್ಣು ಮುಚ್ಚುತ್ತಾರೆ. ಮುಚ್ಚಿದರೆ ಮೊಬೈಲಿನಲ್ಲಿ ಸಾಲು ಕಾಣಲ್ಲ. ಕಾಣದಿದ್ದರೆ ಲಾಲಲಾ. ಟ್ರ್ಯಾಕ್ ಮಾತ್ರ ಯಾರಿಗೂ ಕಾಯದೆ ತನ್ನ ಪಾಡಿಗೆ ಹೋಗುತ್ತಿರುತ್ತೆ, ಕೊನೆಯ ಬಸ್ಸಿನಂತೆ. ಇವರಿಗೆ ಬೆನ್ನು ತಟ್ಟೋದು ನಾವೇ. “ಭಾಳ ಛಲೋ ಆತು ಬಿಡ್ರಿ ಸರ” ಅಂತೀವಿ. ಯಾಕಂದ್ರೆ ಮುಂದಿನ ಹಾಡು ನಮ್ಮದಿರುತ್ತೆ.

ಹೊಲದಲ್ಲೂ ಅದೇ ಆಯಿತು. ಊಟಕ್ಕೆ ಮುಂಚೆ ಒಂದು ತಾಸು ಕರೋಕೆ. ಗಿಡದಲ್ಲಿದ್ದ ಹಕ್ಕಿ ಎದ್ದು ಹೋದವು. ಹಕ್ಕಿ ಓಡಿಸಲಿಕ್ಕೆ ಕವಣೆ ಹಿಡಿದು ದಿನವಿಡೀ ನಿಲ್ಲುವ ಹುಡುಗರಿಗೆ ಇದರಿಂದ ಲಾಭ ಇದೆ ಅಂತ ಒಪ್ಪಿಕೊಳ್ಳಬೇಕು.

ಹೊಲದ ಯಜಮಾನ ಪೆಂಡಾಲಿನ ಹೊರಗೆ, ಬದುವಿನ ಮೇಲೆ ನಿಂತಿದ್ದ. ಒಂದು ಕಡೆ ಹತ್ತಿ, ಇನ್ನೊಂದು ಕಡೆ ಆಗಷ್ಟೇ ಬಿತ್ತಿದ ಕಡಲೆ. ನೋಡೋಕೆ ಬರಿ ಮಣ್ಣು. ಫೋಟೋದವನಿಗೆ ಆ ಬರಿ ಮಣ್ಣೇ ಬೇಕು, ಬೆಳಕು ಅಲ್ಲಿ ಚೆನ್ನಾಗಿದೆಯಂತೆ.

“ಸರ, ಆ ಕಡೆ ಕಡ್ಲಿ ಬಿತ್ತೇನ್ರಿ. ಈಗ ಮೊಳಕಿ ಒಡ್ಯಾಕತ್ತೈತಿ. ತುಳೀಬ್ಯಾಡ್ರಿ.”

“ಒಂದೇ ಶಾಟ್ ಕಾಕಾ, ಮುಗೀತು. ಮೇಡಂ, ಇನ್ನೊಮ್ಮೆ ಚೆಲ್ಲ್ರಿ. ನಿಧಾನಕ್ಕ. ಕ್ಯಾಮರಾ ಕಡೆ ನೋಡಿ ನಗ್ರಿ.”

ಮೇಡಂ ಚೆಲ್ಲಿದರು. ಮತ್ತೆ ಚೆಲ್ಲಿದರು. ಹಿಂದಿನಿಂದ ಹದಿನೈದು ಜನ ಸಾಲು ಹಿಡಿದು ಕಡಲೆ ಸಾಲಿನ ಮೇಲೆ ಕುಣಿದರು. ಮೊದಲನೇ ಶಾಟಿನಲ್ಲಿ ಹಾಡಿಗೆ ಹೆಜ್ಜೆ ಕೂಡಲಿಲ್ಲ ಅಂತ ಮತ್ತೊಮ್ಮೆ ಕುಣಿದರು. ಆತ ಆಮೇಲೆ ಏನೂ ಅನ್ನಲಿಲ್ಲ. ಬಾಡಿಗೆ ಇಸಕೊಂಡಿದ್ದ, ಏನು ಅಂದಾನು? ನಾನೂ ಹೋಳಿಗೆ ತಿನ್ನುತ್ತಾ ನೋಡುತ್ತಿದ್ದೆ. ಶೇಂಗಾ ಹೋಳಿಗೆ. ಕೇಟರಿಂಗ್‌ನವರದು, ಸಕ್ಕರೆ ಜಾಸ್ತಿ.

ಆತನ ತಾಯಿ ಬಂದಿದ್ದಳು. ಮನೆಯಿಂದ ತಂದ ಪುಟ್ಟ ಬುಟ್ಟಿ ಹಿಡಿದು ಪೆಂಡಾಲಿನ ಕಡೆ ತಿರುಗಿಯೂ ನೋಡದೆ ಹತ್ತಿ ಸಾಲಿಗೆ ಇಳಿದಳು. ಬನ್ನಿ ಗಿಡದ ಬುಡದಿಂದ ಶುರು ಮಾಡಿ ಹೊಲದ ಸುತ್ತ ಚರಗ ಚೆಲ್ಲುತ್ತಾ “ಹುಲ್ಲುಲ್ಲಿಗೋ” ಅಂದಳು. ಹಿಂದೆ ತಂಬಿಗೆಯಿಂದ ನೀರು ಚಿಮುಕಿಸುತ್ತಾ ಬಂದ ಮೊಮ್ಮಗ “ಚಳ್ಳಂಬರಿಗೋ” ಅಂದ. ನಿಮ್ಮೂರಲ್ಲಿ ಬೇರೆ ಥರ ಅಂತಾರೇನೋ, ಊರಿಗೊಂದು ರೀತಿ ಇದೆ. ಅದಕ್ಕೆ ಕವಿ ಇಲ್ಲ, ಸಂಗೀತ ನಿರ್ದೇಶಕ ಇಲ್ಲ, ಗ್ರಾಮಫೋನ್ ತಟ್ಟೆ ಬಿಡುಗಡೆ ಆಗಿಲ್ಲ. ಸಮಿತಿಯ ಪಟ್ಟಿಯ ಎಲ್ಲ ಹಾಡಿಗಿಂತ ಹಳೇದು. ಹಳೆ ಹಾಡು ಹುಡುಕಿ ಹುಡುಕಿ ಸುಸ್ತಾದವರ ಎದುರಿಗೇ ಅದು ನಡೆದುಕೊಂಡು ಹೋಯಿತು.

ಸೌಂಡಿನವನು ಒಳ್ಳೆ ಹುಡುಗ. ಓಡಿ ಹೋಗಿ ಮೈಕ್ ಹಿಡಿದ. “ಅಜ್ಜಿ, ಇದರಾಗ ಹೇಳ್ರಿ, ಎಲ್ಲಾರಿಗೂ ಕೇಳಸ್ತೈತಿ.”

“ಮೈಕ್ ಯಾಕೋ ಯಪ್ಪಾ? ಹೊಲಕ್ಕ ಕಿವಿ ಮಂದ ಆಗ್ಯಾವೇನು?”

ಅಜ್ಜಿ ಮುಂದಕ್ಕೆ ಹೋದಳು. ಸ್ಪೀಕರಿನಲ್ಲಿ ಮುಂದಿನ ಹಾಡು ಬಂತು. ಮತ್ತೆ ಕಣಜ ತುಂಬಿತು.

ಯಾವ ಕಣಜ? ಯಾರ ಕಣಜ? ಹಾವೇರಿಯಿಂದ ಗದಗಿನವರೆಗೆ ರಸ್ತೆ ಪಕ್ಕದಲ್ಲಿ ಗೋವಿನಜೋಳ ಒಣಹಾಕಿಕೊಂಡು ಮಂದಿ ಮೋಡ ನೋಡುತ್ತಾ ಕೂತಿದ್ದನ್ನು ಈ ಬಸ್ಸಿನ ಕಿಟಕಿಯಿಂದಲೂ ನೋಡಬಹುದಿತ್ತು. 2025-26ಕ್ಕೆ ಕೇಂದ್ರ ಹೇಳಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಪೇಟೆಯಲ್ಲಿ ಎರಡು ಸಾವಿರವೂ ಮುಟ್ಟಲಿಲ್ಲ. ಖರೀದಿ ಕೇಂದ್ರ ತೆರೀರಿ ಅಂತ ಲಕ್ಷ್ಮೇಶ್ವರದಲ್ಲಿ ರೈತರು ರಸ್ತೆಯಲ್ಲಿ ಕೂರಬೇಕಾಯಿತು. ಬೆಂಗಳೂರಿನವರು ದಿಲ್ಲಿಯವರನ್ನು ನೋಡಿ ಅಂದರು, ದಿಲ್ಲಿಯವರು ಬೆಂಗಳೂರಿನವರನ್ನು ನೋಡಿ ಅಂದರು. ಗೋವಿನಜೋಳಕ್ಕೆ ಬೂಷ್ಟು ಬರೋದು ಯಾರ ಪತ್ರಕ್ಕೂ ಕಾಯಲಿಲ್ಲ. ಪ್ರತಿ ವರ್ಷ ಇದೇ. ಒಂದು ವರ್ಷ ಉಳ್ಳಾಗಡ್ಡಿ, ಒಂದು ವರ್ಷ ಹೆಸರು, ಒಂದು ವರ್ಷ ಮೆಣಸಿನಕಾಯಿ. ಬರೆದು ಬರೆದು ನನಗೂ ಸಾಕಾಗಿದೆ. ಓದಿ ನಿಮಗೂ ಸಾಕಾಗಿರಬೇಕು. ಹಳೆ ಹಾಡೇ ಬೇಕು, ಅದೂ ಬೇಂದ್ರೆಯವರದೇ ಬೇಕು ಅಂದ್ರೆ ‘ತುತ್ತಿನ ಚೀಲ’ ಹಾಕಬಹುದಿತ್ತು. ಹಸಿದ ಹೊಟ್ಟೆಯ ಸಿಟ್ಟಿನ ಪದ್ಯ. ಕುಣಿಯಲಿಕ್ಕೆ ಬರಲ್ಲ ಅದಕ್ಕೆ. ಇಳಕಲ್ ಸೀರೆಗೂ ಹೊಂದಲ್ಲ.

ಎಳ್ಳ ಅಮವಾಸ್ಯೆಗೂ ಚರಗ ಇದೆಯಲ್ಲ, ಸಮಿತಿ ಆಗಲೇ ತಯಾರಿ ನಡೆಸಿದೆ. ಈ ಸಲ ತೊಂಬತ್ತರ ದಶಕದ ಹಾಡಂತೆ. ಪಟಗಾ ಅವೇ. ಹೊಲವೂ ಅದೇ ಇರಲಿ ಅಂತ ಕೇಳಿದರೆ ಆ ಯಜಮಾನ ಬಾಡಿಗೆ ಮೂರು ಪಟ್ಟು ಹೇಳಿದ, ತುಳಿದ ಕಡಲೆಯ ದುಡ್ಡು ಬೇರೆ ಕೇಳಿದ. ಉಪಸಮಿತಿಯ ಅಧ್ಯಕ್ಷರಿಗೆ ಬಹಳ ಬೇಜಾರಾಗಿದೆ. ನಿನ್ನೆ ಪಾರ್ಕಿನಲ್ಲಿ ಸಿಕ್ಕಾಗ, ಕಿವಿಯಲ್ಲಿ ಇಯರ್‌ಫೋನ್ ಹಾಗೇ ಇಟ್ಟುಕೊಂಡು ಹೇಳಿದರು: “ರೈತರು ಮೊದಲಿನಂಗ ಉಳಿದಿಲ್ಲ ನೋಡ್ರಿ. ಎಲ್ಲಾದಕ್ಕೂ ರೊಕ್ಕಾ ಅಂತಾರ.”