ಕ್ವಿಲ್ಟಿಗೆ ಕತ್ತರಿ, ಕೌದಿಗೆ ತೇಪೆ

ಅಮೆರಿಕದ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಸೀಮೆಯ ಹಳೆಯ ಸಾಮಾನಿನ ಸಂತೆಗಳಲ್ಲಿ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿದ ಹೊದಿಕೆಗಳಾದ ಕೆಲವು ಕ್ವಿಲ್ಟ್‌ಗಳನ್ನು ‘ಕಟರ್’ ಎಂದು ಕರೆದು ಬೇರೆಯಾಗಿ ಒಟ್ಟಿರುತ್ತಾರೆ. ದುರಸ್ತಿಯ ಹಂತ ದಾಟಿದೆ, ಕೊಂಡವರು ಮನಸ್ಸಿಗೆ ಬಂದಂತೆ ಕತ್ತರಿಸಿಕೊಳ್ಳಬಹುದು ಎಂಬುದು ಆ ಪದದ ಅರ್ಥ. ಧಾರವಾಡದ ಕಡೆಯಿಂದ ಬಂದ ನನಗೆ ಮೊದಲ ಸಲ ಅದನ್ನು ಕೇಳಿದಾಗ ಕಸಿವಿಸಿಯಾಯಿತು. ನಮ್ಮ ಮನೆಯಲ್ಲಿ ಹರಿದ ಕೌದಿಯ ಮೇಲೆ ಅಜ್ಜಿಯ ಮತ್ತೊಂದು ಹಳೆಯ ಸೀರೆ ಬೀಳುತ್ತಿತ್ತೇ ಹೊರತು ಕತ್ತರಿ ಬಿದ್ದದ್ದನ್ನು ನಾನು ಕಂಡಿರಲಿಲ್ಲ.

ಅಂಥ ‘ಕಟರ್’ ಕ್ವಿಲ್ಟ್‌ಗಳಿಂದ ಏಳು ಜಾಕೆಟ್ ಹೊಲಿದಿರುವ ನಾನು ಈಗ ಆ ಕೆಲಸವನ್ನು ತಪ್ಪೆನ್ನಲಾರೆ, ಆದರೆ ಕೌದಿಗೆ ಅದೇ ನ್ಯಾಯವನ್ನು ಅನ್ವಯಿಸಲೂ ಒಪ್ಪಲಾರೆ. ಇದಕ್ಕೆ ಊರಿನ ಮೋಹವಷ್ಟೇ ಕಾರಣವಲ್ಲ. ಎರಡರ ಹೊಲಿಗೆಯೇ ಬೇರೆ.

ಕ್ವಿಲ್ಟನ್ನು ಕತ್ತರಿಸಬಹುದೇ ಎಂಬ ಜಗಳ ಅಮೆರಿಕದಲ್ಲಿ ಹಳೆಯದು. 1980ರ ದಶಕದ ಆರಂಭದಲ್ಲಿ ವಸ್ತ್ರವಿನ್ಯಾಸಕ ರಾಲ್ಫ್ ಲಾರೆನ್ ಹಳೆಯ ಕ್ವಿಲ್ಟ್‌ಗಳಿಂದ ಉಡುಪು ಮಾಡಿದಾಗಲೇ ಕ್ವಿಲ್ಟ್ ಪ್ರಿಯರು ನೊಂದುಕೊಂಡಿದ್ದರು. 2016ರಲ್ಲಿ ಆರಂಭವಾದ ಬೋಡೆ ಎಂಬ ಉಡುಪು ಸಂಸ್ಥೆ ಇಂಥ ಜಾಕೆಟ್‌ಗಳನ್ನು ಮತ್ತೆ ಬಳಕೆಗೆ ತಂದಿತು. ನ್ಯೂಯಾರ್ಕಿನ ಫ್ಯಾಷನ್ ಸಮಾರಂಭವಾದ ಮೆಟ್ ಗಾಲಾಕ್ಕೆ 2021ರಲ್ಲಿ ಗಾಯಕ ಏಸ್ಯಾಪ್ ರಾಕಿ ಹೊದ್ದು ಬಂದ ಕ್ವಿಲ್ಟನ್ನು ಚಿತ್ರದಲ್ಲಿ ನೋಡಿ, ಅದು ತನ್ನ ಮುತ್ತಜ್ಜಿಯದೆಂದು ಒಬ್ಬಾಕೆ ಗುರುತಿಸಿದ್ದಳು. ಮನೆಯವರೇ ದಾನ ಕೊಟ್ಟಿದ್ದ ವಸ್ತು ಅದು. ಕ್ವಿಲ್ಟ್ ಎಂದರೆ ಮನೆತನದ ಆಸ್ತಿ, ಅದನ್ನು ಕತ್ತರಿಸುವುದು ಪಾಪ ಎನ್ನುವವರಿಗೆ ನಾನು ಅಲಬಾಮಾದ ಜೀಸ್ ಬೆಂಡ್ ಊರನ್ನು ನೆನಪಿಸುತ್ತೇನೆ. ಅಲ್ಲಿನ ಮಿಸೌರಿ ಪೆಟ್ವೇ 1942ರಲ್ಲಿ, ಗಂಡ ತೀರಿಕೊಂಡ ಮೇಲೆ, ಅವನು ದುಡಿಮೆಗೆ ಹಾಕಿಕೊಳ್ಳುತ್ತಿದ್ದ ಅಂಗಿ, ಪ್ಯಾಂಟುಗಳನ್ನೇ ಕತ್ತರಿಸಿ ಕ್ವಿಲ್ಟ್ ಹೊಲಿದಳು. ತೊಟ್ಟ ಬಟ್ಟೆ ಹೊದಿಕೆಯಾಗಬಹುದಾದರೆ, ಹೊದಿಕೆ ಮತ್ತೆ ತೊಡುವ ಬಟ್ಟೆಯಾದರೆ ಕೆಟ್ಟದ್ದೇನಿದೆ?

ಹೊಲಿಗೆಯ ವಿಷಯಕ್ಕೆ ಬರುತ್ತೇನೆ. ಅಮೆರಿಕದ ಕ್ವಿಲ್ಟಿಗೆ ಸಾಮಾನ್ಯವಾಗಿ ಮೂರು ಪದರ: ತುಂಡುಗಳನ್ನು ಜೋಡಿಸಿದ ಮೇಲ್ಮೈ, ನಡುವೆ ಹತ್ತಿಯ ಹಾಸು, ಕೆಳಗೆ ಅಸ್ತರು. ಮೇಲ್ಮೈಯನ್ನು ಹೆಚ್ಚಾಗಿ ಚೌಕಗಳಾಗಿ ಹೊಲಿದು ಆಮೇಲೆ ಕೂಡಿಸಿರುತ್ತಾರೆ. ನಡುವಿನ ತುಂಡಿನ ಸುತ್ತ ಪಟ್ಟಿಗಳನ್ನು ಜೋಡಿಸುವ ಲಾಗ್ ಕ್ಯಾಬಿನ್ ವಿನ್ಯಾಸದ ಒಂದು ಚೌಕವನ್ನು ಬೆನ್ನಿಗೆ, ಇನ್ನೊಂದನ್ನು ಎದೆಗೆ ಇಟ್ಟುಕೊಂಡರೆ ಚಿತ್ರ ಕೆಡುವುದಿಲ್ಲ. ಹಾನಿಯೂ ಎಲ್ಲೆಡೆ ಒಂದೇ ಸಮನಾಗಿರುವುದಿಲ್ಲ. 19ನೆಯ ಶತಮಾನದ ಹಲವು ಕಂದು ಬಟ್ಟೆಗಳಿಗೆ ಬಣ್ಣ ಹಿಡಿಸಲು ಕಬ್ಬಿಣದ ಲವಣ ಬಳಸುತ್ತಿದ್ದುದರಿಂದ, ಪಕ್ಕದ ಗುಲಾಬಿ ತುಂಡು ಗಟ್ಟಿಯಾಗಿರುವಾಗಲೂ ಕಂದು ತುಂಡು ಮುಟ್ಟಿದರೆ ಪುಡಿಯಾಗುತ್ತದೆ. ರೇಷ್ಮೆ ಚೂರುಗಳ ‘ಕ್ರೇಜಿ’ ಕ್ವಿಲ್ಟ್ ಅಂತೂ ಉಡುಪಿಗೆ ಬೇಡವೇ ಬೇಡ. ತೂಕ ಹೆಚ್ಚಿಸಲು ಆ ರೇಷ್ಮೆಗೆ ಹೆಚ್ಚಾಗಿ ಲೋಹದ ಲವಣ ಉಣಿಸಿರುವುದರಿಂದ ಅದು ಮಡಿಕೆ ಬಿದ್ದಲ್ಲೆಲ್ಲ ಸೀಳುತ್ತದೆ.

ನನ್ನ ಮೊದಲ ಜಾಕೆಟ್ ಹಾಳಾದದ್ದು ಅವಸರದಿಂದ. ಕೈಹೊಲಿಗೆಯ ಕ್ವಿಲ್ಟಿಗೆ ನೇರವಾಗಿ ಕತ್ತರಿ ಹಾಕಿದೆ. ಕತ್ತರಿಸಿದ ಕಡೆಯೆಲ್ಲ ದಾರ ಸಡಿಲಗೊಂಡು, ಒಗೆದ ಮೇಲೆ ತೋಳಿನ ಹತ್ತಿಯೆಲ್ಲ ಮುಂಗೈ ಬಳಿ ಗಂಟುಕಟ್ಟಿತು. ನೆರೆಮನೆಯ ವೃದ್ಧೆಯೊಬ್ಬರು ಅದನ್ನು ನೋಡಿ ನಕ್ಕು, ಕತ್ತರಿ ಹಾಕುವ ಮೊದಲೇ ಗುರುತಿನ ಗೆರೆಯ ಒಳಬದಿಗೆ ಮಷಿನ್ ಹೊಲಿಗೆ ಹಾಕುವುದನ್ನು ಹೇಳಿಕೊಟ್ಟರು. ಜೊತೆಗೆ, ಜೋಡಣೆಯ ಅಂಚಿನಲ್ಲಿ ಹತ್ತಿಯನ್ನು ಕಿತ್ತು ತೆಳುವಾಗಿಸಬೇಕು, ತೂತುಗಳ ಹಿಂದೆ ತೆಳು ಹತ್ತಿ ಬಟ್ಟೆ ಕೊಟ್ಟು ಹೊಲಿಯಬೇಕು, ಒಳಗಿನ ಅಂಚುಗಳನ್ನು ಓರೆಯಾಗಿ ಕತ್ತರಿಸಿದ, ನಮ್ಮ ದರ್ಜಿಗಳು ಹೇಳುವ ಕ್ರಾಸ್ ಪಟ್ಟಿಯಿಂದ ಮುಚ್ಚಬೇಕು. ಮೈಗೆ ಕೂರಿಸಲು ಹಿಡಿಯುವ ಮಡಿಕೆ (ಡಾರ್ಟ್) ಇಲ್ಲದ, ಭುಜ ಇಳಿಬಿದ್ದ, ಪೆಟ್ಟಿಗೆಯಂಥ ಅಳತೆಯೇ ಇದಕ್ಕೆ ಸರಿ. ದಪ್ಪ ಬಟ್ಟೆ ಸೊಂಟಕ್ಕೆ ಬಳುಕುವುದಿಲ್ಲ.

ಕೌದಿಯಲ್ಲಿ ಈ ಯಾವ ಅನುಕೂಲವೂ ಇಲ್ಲ. ನಮ್ಮ ಮನೆಯ ಕೌದಿಯಲ್ಲಿ ಹತ್ತಿಯ ಹಾಸಿಲ್ಲ. ಸೀರೆ, ಧೋತರ, ಅಂಗಿಯ ಚೂರುಗಳೇ ಒಂದರ ಮೇಲೊಂದು ಕೂತಿವೆ, ಒಂದು ಕಡೆ ಮೂರು ಪದರವಿದ್ದರೆ ಇನ್ನೊಂದು ಕಡೆ ಆರು. ಹೊಲಿಗೆ ಅಂಚಿನಿಂದ ಹೊರಟು ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತದೆ. ಹಳಿಯಾಳ, ಯಲ್ಲಾಪುರದ ಕಡೆಯ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿಯಾದ ಕವಂದಿಯೂ ಹೀಗೆಯೇ ಮೂಲೆಯಿಂದ ಆರಂಭವಾಗಿ ಒಳಕ್ಕೆ ಸುತ್ತುತ್ತದೆ. ಕೊನೆಯಲ್ಲಿ ನಾಲ್ಕು ಮೂಲೆಗೂ ‘ಫುಲ’ ಎಂಬ ಮಡಿಸಿದ ಬಟ್ಟೆಯ ಹೂವು ಕೂರದಿದ್ದರೆ ಅದು ಬರಿಮೈಯಲ್ಲಿದ್ದಂತೆ ಎನ್ನುತ್ತಾರೆ. ಇಂಥದನ್ನು ನಡುವೆ ಸೀಳಿದರೆ ಪ್ರತಿಯೊಂದು ಸುತ್ತೂ ತುಂಡಾಗುತ್ತದೆ, ಆರು ಪದರದ ಭುಜ ಮಷಿನ್ನಿನ ಸೂಜಿಯನ್ನು ಮುರಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಮೇಲೊಂದು ಸೀರೆ ಹಾಕಿ ಹೊಲಿದರೆ ಕೌದಿ ಮತ್ತೆ ಕೌದಿಯೇ ಆಗುತ್ತದೆ. ಪುಡಿಯಾಗುತ್ತಿರುವ ಕ್ವಿಲ್ಟಿನ ಮೇಲೆ ಇನ್ನೊಂದು ಬಟ್ಟೆ ಹೊದಿಸಿದರೆ ಅದರ ಚಿತ್ರವೇ ಮರೆಯಾಗುತ್ತದೆ.

ನನ್ನ ತಕರಾರು ಇರುವುದು ಇತ್ತೀಚಿನ ವ್ಯಾಪಾರದ ಬಗ್ಗೆ. ಜಾಕೆಟ್ಟಿಗೆ ಬೇಡಿಕೆ ಬಂದ ಮೇಲೆ, ಒಂದು ಕಲೆ, ಒಂದು ಬಿಚ್ಚಿದ ಅಂಚು ಇದ್ದರೂ ‘ಕಟರ್’ ಎಂದು ಮಾರುವವರನ್ನು ನೋಡುತ್ತಿದ್ದೇನೆ. ಹಾಸಿಗೆಯ ಮೇಲೆ ಇನ್ನೂ ಹತ್ತು ಚಳಿಗಾಲ ಕಳೆಯಬಲ್ಲ ಕ್ವಿಲ್ಟನ್ನು ಕತ್ತರಿಸುವುದು ನನ್ನಿಂದಾಗದು. ಮೂರನೆಯ ಒಂದು ಭಾಗವಾದರೂ ಹಿಡಿದರೆ ಕೈಗೆ ಬರುವಷ್ಟು ಜೀರ್ಣವಾಗಿದ್ದರೆ ಮಾತ್ರ ಕೊಳ್ಳುತ್ತೇನೆ.

ಪ್ರತಿ ಜಾಕೆಟ್ಟಿನ ಒಳಜೇಬಿಗೆ ಒಂದು ಬಿಳಿ ಬಟ್ಟೆಯ ತುಂಡು ಹೊಲಿದು, ಕ್ವಿಲ್ಟ್ ಎಲ್ಲಿ ಸಿಕ್ಕಿತು, ಯಾವ ವಿನ್ಯಾಸದ್ದು, ಯಾವ ವರ್ಷ ಕತ್ತರಿಸಿದೆ ಎಂದು ಅಳಿಸದ ಶಾಯಿಯಲ್ಲಿ ಬರೆಯುತ್ತೇನೆ. ಹೊಲಿದವಳ ಹೆಸರಿಗೆಂದು ಒಂದು ಸಾಲು ಬಿಟ್ಟಿರುತ್ತೇನೆ. ಏಳರಲ್ಲಿ ಆರು ಜಾಕೆಟ್‌ಗಳಲ್ಲಿ ಆ ಸಾಲು ಖಾಲಿಯಿದೆ. ಒಂದರಲ್ಲಿ, ಅಸ್ತರಿನ ಮೂಲೆಯಲ್ಲಿ ಕೆಂಪು ದಾರದಲ್ಲಿ ಕಸೂತಿ ಮಾಡಿದ್ದ ಎರಡು ಅಕ್ಷರಗಳನ್ನು ಹಾಗೆಯೇ ಎತ್ತಿ ಬರೆದಿದ್ದೇನೆ.